ಘಾಟಿ ಜಾತ್ರೆಯಲ್ಲಿ ಜೋಡಿ ಕರು ಕೊಳ್ಳುವ ಮುಂಚೆ

ಪ್ರಶ್ನೆ: ನಮ್ಮಪ್ಪನ ಕಾಲಕ್ಕೆ ಮನೆಯಲ್ಲಿ ಎತ್ತು ಹೋದವು. ಈಗ ಮತ್ತೆ ಒಂದು ಜೋಡಿ ಹಳ್ಳಿಕಾರ್ ಕರು ಕಟ್ಟೋಣ ಅಂತ ಆಸೆ. ಈ ಸಲ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗುತ್ತಿದ್ದೇನೆ. ನನಗೆ ದನ ನೋಡಲು ಬರುವುದಿಲ್ಲ. ಮೋಸ ಹೋಗದ ಹಾಗೆ ಕೊಳ್ಳುವುದು ಹೇಗೆ? (ಗೌರಿಬಿದನೂರಿನ ಓದುಗರು)

ಉತ್ತರ: ಹೋದ ದಿನವೇ ಕೊಳ್ಳಬೇಡಿ. ಮೊದಲ ದಿನ ಸುಮ್ನೆ ಸುತ್ತಾಡಿ. ಚಪ್ಪರ ಹಾಕಿಸಿ, ಗೊಂಡೆ, ಗೆಜ್ಜೆ, ಕೊಂಬಿಗೆ ಹಿತ್ತಾಳೆ ಅಣಸು ಹಾಕಿ ನಿಲ್ಲಿಸಿದ ಜೋಡಿಗಳ ಮೇಲೆ ಎಲ್ಲರ ಕಣ್ಣೂ ಹೋಗುತ್ತದೆ. ತಮಟೆ ಬಡಿಸಿಕೊಂಡು ಮೆರವಣಿಗೆಯಲ್ಲಿ ಬರುವ ದನ ಅವು. ಬೆಲೆ ಲಕ್ಷಗಳಲ್ಲಿ. ಕಣ್ತುಂಬ ನೋಡಿಕೊಂಡು ಮುಂದೆ ನಡೆಯಿರಿ. ನಿಮಗೆ ಬೇಕಾದ ಕರು ಯಾವುದೋ ಮರದ ನೆರಳಲ್ಲಿ ಹುಲ್ಲು ಮೇಯುತ್ತಾ ನಿಂತಿರುತ್ತದೆ.

ವಯಸ್ಸನ್ನು ಬಾಯಿ ಹೇಳುತ್ತದೆ, ಮಾಲೀಕರಲ್ಲ. ದನಕ್ಕೆ ಮುಂದಿನ ಹಲ್ಲು ಇರುವುದು ಕೆಳಗೆ ಮಾತ್ರ, ಒಟ್ಟು 8. ಕೆಳತುಟಿ ಸರಿಸಿ ನೋಡಿ. ಎಂಟೂ ಸಣ್ಣಗೆ, ಬೆಳ್ಳಗೆ ಇದ್ದರೆ ಹಾಲುಹಲ್ಲಿನ ಕರು. ನಡುವೆ ಎರಡು ಅಗಲವಾದ ಹಲ್ಲು ಬಂದಿದ್ದರೆ ಅದು ‘ಎರಡಲ್ಲು’, ಹೆಚ್ಚುಕಮ್ಮಿ ಎರಡರಿಂದ ಎರಡೂವರೆ ವರ್ಷ. ನಾಕಲ್ಲಿಗೆ ಮೂರರ ಆಸುಪಾಸು, ಆರಲ್ಲಿಗೆ ನಾಲ್ಕರ ಹತ್ತಿರ. ಎಂಟೂ ಬಂದರೆ ಬಾಯಿಗೂಡಿದೆ ಅನ್ನುತ್ತಾರೆ. ಆಮೇಲೆ ಹಲ್ಲಿನ ಸವೆತ ನೋಡಿ ಅಂದಾಜು ಮಾಡಬೇಕು, ಅದು ಹೊಸಬರಿಗೆ ಆಗುವ ಕೆಲಸ ಅಲ್ಲ. ಮನೆಯಲ್ಲಿ ಸಾಕಿ ಪಳಗಿಸುವುದಾದರೆ ಹಾಲುಹಲ್ಲು ಅಥವಾ ಎರಡಲ್ಲು ಸಾಕು. ಆದರೆ ಎರಡಕ್ಕೂ ಹಲ್ಲು ಒಂದೇ ಇರಲಿ. ಕೊಂಬು, ಬಣ್ಣ ಜೋಡಿಯಾಗಿದ್ದು ಒಂದು ಎರಡಲ್ಲು, ಇನ್ನೊಂದು ನಾಕಲ್ಲು ಆದರೆ ನೊಗದಲ್ಲಿ ಒಂದು ಎಳೆಯುತ್ತದೆ, ಇನ್ನೊಂದು ಏದುಸಿರು ಬಿಡುತ್ತದೆ.

ಆಮೇಲೆ ನಡೆಸಿ ನೋಡಿ. ಹಗ್ಗ ಸಡಿಲ ಬಿಟ್ಟು ಇಪ್ಪತ್ತು ಹೆಜ್ಜೆ ನಡೆಸಲು ಹೇಳಿ, ಹಿಂದೆ ನಿಂತು ನೋಡಿ. ಮುಂಗಾಲಿನ ಗುರುತಿನ ಮೇಲೇ ಹಿಂಗಾಲು ಬೀಳುತ್ತಿದ್ದರೆ ಒಳ್ಳೆಯ ನಡಿಗೆ. ಹಿಂಗಾಲಿನ ಗಿಣ್ಣುಗಳು ಒಂದಕ್ಕೊಂದು ಉಜ್ಜುತ್ತಿದ್ದರೆ ಬಿಟ್ಟುಬಿಡಿ. ನಾನು ಪಶುವೈದ್ಯನಾಗಿ ಜಾತ್ರೆಯ ಶಿಬಿರದಲ್ಲಿ ಕೂತಿದ್ದಾಗ ಬೆಳಗಿನ ಜಾವವೇ ಒಂದು ಸುತ್ತು ಹಾಕುತ್ತಿದ್ದೆ. ಆಗ ದನ ಏಳುವ ಹೊತ್ತು. ಮೊದಲು ಹಿಂಗಾಲು ಎತ್ತಿ, ಆಮೇಲೆ ಮುಂಗಾಲು ಊರಿ, ಬೆನ್ನು ಚಾಚಿ ಮೈಮುರಿದರೆ ಕರು ಚೆನ್ನಾಗಿದೆ ಅಂತಲೇ. ಎದ್ದ ಮೇಲೂ ಒಂದು ಕಾಲನ್ನು ನೆಲಕ್ಕೆ ಸರಿಯಾಗಿ ಊರದೆ ನಿಂತರೆ ಗೊರಸು ನೋಡಲೇಬೇಕು. ಹತ್ತು ಗಂಟೆಗೆ ಮೈ ತೊಳೆದು ಗೆಜ್ಜೆ ಕಟ್ಟಿದ ಮೇಲೆ ಇದೆಲ್ಲ ಕಾಣುವುದಿಲ್ಲ.

ಸುಳಿಯ ಬಗ್ಗೆ, ಅಂದರೆ ಮೈಮೇಲೆ ಕೂದಲು ಸುತ್ತಿಕೊಂಡಿರುವ ಗುರುತಿನ ಬಗ್ಗೆ ನೀವು ಕೇಳಿಲ್ಲ, ಜಾತ್ರೆಯಲ್ಲಿ ನಿಮಗೆ ಯಾರಾದರೂ ಹೇಳೇ ಹೇಳುತ್ತಾರೆ. ಯಾವ ಸುಳಿಯೂ ದನದ ಆರೋಗ್ಯ ಕೆಡಿಸುವುದಿಲ್ಲ. ಆದರೆ ‘ಕೆಟ್ಟ ಸುಳಿ’ಯ ಕರುವನ್ನು ನಾಳೆ ಮಾರಲು ಹೋದರೆ ಬೆಲೆ ಬಿದ್ದುಹೋಗುತ್ತದೆ. ಮಾರುವ ಯೋಚನೆಯೇ ಇಲ್ಲದಿದ್ದರೆ ಅದೇ ಕರು ನಿಮಗೆ ಅಗ್ಗಕ್ಕೆ ಸಿಗಬಹುದು!

ವ್ಯಾಪಾರಕ್ಕೆ ದಲ್ಲಾಳಿ ಬಂದರೆ ಟವೆಲ್ ಒಳಗೆ ನಿಮ್ಮ ಕೈ ಹಿಡಿಯುತ್ತಾರೆ. ಬೆರಳು ಮುಟ್ಟಿ ಬೆಲೆ ಹೇಳುವುದು, ಸುತ್ತ ನಿಂತವರಿಗೆ ಗೊತ್ತಾಗಬಾರದು ಅಂತ. ನಾಲ್ಕು ಬೆರಳು ಹಿಡಿದರೆ ನಾಲ್ಕು ಸಾವಿರವೋ, ನಲವತ್ತು ಸಾವಿರವೋ, ನಾಲ್ಕು ಲಕ್ಷವೋ ಅಂತ ಹಳಬರಿಗೆ ದನ ನೋಡಿದರೇ ತಿಳಿಯುತ್ತದೆ. ನಿಮಗೆ ತಿಳಿಯದಿದ್ದರೆ ನಾಚಿಕೆ ಬೇಡ, ‘ಬಾಯಲ್ಲೇ ಹೇಳಿ ಅಣ್ಣ’ ಅನ್ನಿ. ಹೊಸ ಹಗ್ಗ ಒಂದು ಜೊತೆ ಮನೆಯಿಂದ ಒಯ್ಯಿರಿ. ಹಗ್ಗದ ಜೊತೆ ಮನೆಯ ಲಕ್ಷ್ಮಿಯೂ ಹೋಗುತ್ತಾಳೆ ಅಂತ ಹಳೇ ಹಗ್ಗ ಬಿಚ್ಚಿಟ್ಟುಕೊಳ್ಳುವವರು ಇದ್ದಾರೆ.

ಪ್ರಶ್ನೆ: ದೇವರ ಜಾತ್ರೆಗೂ ದನದ ವ್ಯಾಪಾರಕ್ಕೂ ಏನು ನಂಟು? (ಬೆಂಗಳೂರಿನ ಓದುಗರು)

ಉತ್ತರ: ಕ್ಯಾಲೆಂಡರ್ ನೋಡಿ, ಅರ್ಧ ಉತ್ತರ ಸಿಗುತ್ತದೆ. ಘಾಟಿಯಲ್ಲಿ ಬ್ರಹ್ಮರಥೋತ್ಸವ ಪುಷ್ಯ ಶುದ್ಧ ಷಷ್ಠಿಗೆ, ಅಂದರೆ ಡಿಸೆಂಬರ್ ಕೊನೆ ಇಲ್ಲವೇ ಜನವರಿಯಲ್ಲಿ. ದನಗಳ ಜಾತ್ರೆ ಅದಕ್ಕೂ ಮುಂಚೆಯೇ ಕಟ್ಟುತ್ತದೆ. ಅಷ್ಟೊತ್ತಿಗೆ ರಾಗಿ ಕೊಯ್ಲು ಮುಗಿದಿರುತ್ತದೆ, ಮನೆ ಮುಂದೆ ಹುಲ್ಲಿನ ಬಣವೆ ಬಿದ್ದಿರುತ್ತದೆ, ಕೈಯಲ್ಲಿ ನಾಲ್ಕು ಕಾಸು ಇರುತ್ತದೆ. ಈಗ ಕೊಂಡ ಹೋರಿಯನ್ನು ಮುಂಗಾರಿನ ಉಳುಮೆ ಹೊತ್ತಿಗೆ ನೊಗಕ್ಕೆ ಪಳಗಿಸಬಹುದು. ಮಿಕ್ಕ ಅರ್ಧ ದೇವರದ್ದು. ಒಂದೇ ಕಲ್ಲಿನಲ್ಲಿ ಮುಂದೆ ಸುಬ್ರಹ್ಮಣ್ಯ, ಹಿಂದೆ ನರಸಿಂಹ. ನರಸಿಂಹ ಕಾಣಲಿ ಅಂತ ಹಿಂದೆ ಕನ್ನಡಿ ಇಟ್ಟಿದ್ದಾರೆ. ಹೊಲದಲ್ಲಿ ಬದುಕುವವನಿಗೆ ನಾಗಪ್ಪನ ಭಯಭಕ್ತಿ ಜಾಸ್ತಿ ಅಲ್ವಾ? ಹರಕೆಗೆ ಹೇಗೂ ಬರುವ ಜನ, ದನವನ್ನೂ ಹೊಡೆದುಕೊಂಡು ಬಂದರು. ಬಳ್ಳಾರಿ, ರಾಯಚೂರು ಕಡೆಯವರು, ಆಂಧ್ರದವರೂ ಕೊಳ್ಳಲು ಬರುತ್ತಾರೆ.

ಪ್ರಶ್ನೆ: ಹೋದ ವರ್ಷ ಜಾತ್ರೆಯಿಂದ ತಂದ ಕರು ವಾರದಲ್ಲೇ ಜೊಲ್ಲು ಸುರಿಸಿ ಕುಂಟತೊಡಗಿತು. ಮನೆಯ ಹಸುಗಳಿಗೂ ಅಂಟಿತು. ಲಸಿಕೆ ಹಾಕಿಸಿದೆ ಅಂದಿದ್ದರು. (ಮಧುಗಿರಿಯ ಓದುಗರು)

ಉತ್ತರ: ನೀವು ಹೇಳಿದ ಲಕ್ಷಣ ಕಾಲುಬಾಯಿ ಜ್ವರದ್ದು. ಅವರು ಸುಳ್ಳು ಹೇಳಿರಬೇಕು ಅಂತೇನಿಲ್ಲ. ಜಾತ್ರೆಗೆ ಹೊರಡುವ ಎರಡು ದಿನ ಮುಂಚೆ ಚುಚ್ಚಿಸಿದ ಲಸಿಕೆ ಜಾತ್ರೆಯಲ್ಲಿ ಕಾಪಾಡುವುದಿಲ್ಲ. ಅದು ಕೆಲಸ ಮಾಡಲು ಎರಡು ಮೂರು ವಾರ ಬೇಕು. ಆರು ತಿಂಗಳಿಗೊಮ್ಮೆ ಮತ್ತೆ ಹಾಕಿಸಲೂ ಬೇಕು. ಹಾಗಾಗಿ ‘ಲಸಿಕೆ ಆಗಿದೆಯಾ’ ಅನ್ನಬೇಡಿ, ‘ಯಾವಾಗ ಆಯ್ತು’ ಅನ್ನಿ. ಕಿವಿಯೋಲೆಯ 12 ಅಂಕಿಯ ನಂಬರ್ ಬರೆದುಕೊಂಡು ನಿಮ್ಮೂರ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಜಾತ್ರೆಯಲ್ಲಿ ಅಂಟಬಹುದಾದ ಇನ್ನೊಂದು ಕಾಯಿಲೆ ಚರ್ಮಗಂಟು ರೋಗ, ಅದು ನೊಣ, ಸೊಳ್ಳೆ, ಉಣ್ಣೆಯಿಂದ ಹರಡುತ್ತದೆ. 2022ರಲ್ಲಿ ಅದು ಬಂದಾಗ ಹಲವು ಕಡೆ ದನಗಳ ಜಾತ್ರೆಯನ್ನೇ ನಿಲ್ಲಿಸಿದ್ದರು.

ಕರು ತಂದ ಮೇಲೆ ಮೂರು ವಾರ ಕೊಟ್ಟಿಗೆಗೆ ಸೇರಿಸಬೇಡಿ. ದೂರದ ಮರಕ್ಕೆ ಕಟ್ಟಿ, ಬೇರೆ ಬಾನಿಯಲ್ಲಿ ನೀರು ಕೊಡಿ. ಜಾತ್ರೆಗೆ ಹಾಕಿದ್ದ ಬಟ್ಟೆ, ಚಪ್ಪಲಿಯಲ್ಲೇ ಕೊಟ್ಟಿಗೆಗೆ ಹೋಗಬೇಡಿ. ದಿನಾ ಮನೆಯ ಹಸುಗಳ ಹಾಲು ಕರೆದು, ಹುಲ್ಲು ಹಾಕಿ, ಎಲ್ಲ ಮುಗಿದ ಮೇಲೆ ಹೊಸ ಕರುವಿನ ಹತ್ತಿರ ಹೋಗಿ. ವಾಪಸ್ ಬಂದು ಸೋಪು ಹಾಕಿ ಕೈಕಾಲು ತೊಳೆಯಿರಿ.