ಲ್ಯಾಂಪ್ ಪವರ್ ಏರಿಸುವ ಮೊದಲು ಒರೆಸುವ ಸ್ಪಿರಿಟ್ಟಿನ ಲೇಬಲ್ ಓದಿ

ಪೌಡರ್ ಕೋಟ್, ಅಂದರೆ ಪುಡಿಬಣ್ಣ ಬೇಯಿಸಿ ಕೂರಿಸಿದ ಸ್ಟೀಲ್ ನೀರಿನ ಬಾಟಲಿ, ಅದರ ಮೇಲೆ ಯುವಿ ಪ್ರಿಂಟ್ ಲೋಗೊ (ಯುವಿ ಲ್ಯಾಂಪಿನ ಬೆಳಕಿಗೆ ಇಂಕು ಗಟ್ಟಿಯಾಗುವ ಪ್ರಿಂಟ್), ನಾಲ್ಕೇ ದಿನಕ್ಕೆ ಉಗುರಿಗೆ ಎದ್ದು ಬರುತ್ತಿದೆ. ಲ್ಯಾಂಪ್ ಪವರ್ ಜಾಸ್ತಿ ಮಾಡಲೋ, ಬೇರೆ ಇಂಕು ತರಿಸಲೋ ಎಂದು ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡ. 2020ರಲ್ಲಿ ನಾನು ಈ ಎರಡನ್ನೂ ಮಾಡಿ 240 ಬಾಟಲಿಯ ಆರ್ಡರ್ ಪೂರ್ತಿ ವಾಪಸ್ ತೆಗೆದುಕೊಂಡಿದ್ದೇನೆ.

ಆಗ ಐಪಿಎ, ಅಂದರೆ ಪ್ರಿಂಟಿಗೆ ಮುಂಚೆ ಒರೆಸುವ ಐಸೊಪ್ರೊಪೈಲ್ ಆಲ್ಕೋಹಾಲ್, ಸುಲಭವಾಗಿ ಸಿಗುತ್ತಿರಲಿಲ್ಲ. ಹ್ಯಾಂಡ್ ಸ್ಯಾನಿಟೈಸರ್ ಮಾತ್ರ ಬೀದಿಬೀದಿಯಲ್ಲಿತ್ತು. ಐದು ಲೀಟರ್ ಕ್ಯಾನಿನ ಮೇಲೆ 75% ಐಸೊಪ್ರೊಪೈಲ್ ಆಲ್ಕೋಹಾಲ್ ಎಂದು ದಪ್ಪಕ್ಷರದಲ್ಲಿತ್ತು, ಅಷ್ಟು ನೋಡಿ ತಂದೆ. ಅದರ ಕೆಳಗಿನ ಸಣ್ಣಕ್ಷರ ಓದಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸ್ಯಾನಿಟೈಸರ್ ಸೂತ್ರದಲ್ಲಿ ಆಲ್ಕೋಹಾಲ್ ಜೊತೆಗೆ 0.125% ಹೈಡ್ರೋಜನ್ ಪೆರಾಕ್ಸೈಡ್, 1.45% ಗ್ಲಿಸರಿನ್ ಇರುತ್ತದೆ. ಕೈ ಒಣಗಿ ಬಿರಿಯದಿರಲಿ ಎಂದು ಹಾಕುವ ಗ್ಲಿಸರಿನ್ ಅದು. ಆಲ್ಕೋಹಾಲ್ ಅರೆನಿಮಿಷದಲ್ಲಿ ಆರಿಹೋಗುತ್ತದೆ. ಗ್ಲಿಸರಿನ್ ಕುದಿಯುವುದೇ 290 ಡಿಗ್ರಿಯಲ್ಲಿ, ಅದು ಎಲ್ಲಿಗೂ ಹೋಗುವುದಿಲ್ಲ.

1.45% ಅಂದರೆ ಎಷ್ಟು ಮಹಾ ಅನ್ನಿಸುತ್ತದೆ, ನನಗೂ ಅನ್ನಿಸಿತ್ತು. ಲೆಕ್ಕ ಹಾಕಿ ನೋಡಿ. ಒಂದು ಬಾಟಲಿಯ ಮೈ ಸುಮಾರು 300 ಚದರ ಸೆಂಟಿಮೀಟರ್. ಒರೆಸುವಾಗ 1 ಮಿಲಿಲೀಟರ್ ಸ್ಯಾನಿಟೈಸರ್ ಅಂಟಿ ಅಲ್ಲೇ ಆರಿದರೆ, ಉಳಿಯುವ ಗ್ಲಿಸರಿನ್ ಹೆಚ್ಚುಕಡಿಮೆ ಅರ್ಧ ಮೈಕ್ರಾನ್ ದಪ್ಪದ ಪದರ. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೂ ತಿಳಿಯುವುದಿಲ್ಲ. ಇಂಕು ಗಟ್ಟಿಯಾಗುವುದು ಅದರ ಮೇಲೆ, ಬಾಟಲಿಯನ್ನು ಅದು ಮುಟ್ಟುವುದೇ ಇಲ್ಲ. ಜೆಲ್ ರೂಪದ ಸ್ಯಾನಿಟೈಸರ್ ಆದರೆ ಅದನ್ನು ಗಟ್ಟಿ ಮಾಡುವ ಪಾಲಿಮರ್ ಕೂಡ ಮೇಲೇ ಕೂರುತ್ತದೆ.

ನನ್ನನ್ನು ಪೂರ್ತಿ ದಾರಿ ತಪ್ಪಿಸಿದ್ದು ಡೈನ್ ಪೆನ್. ಮೈಯ ಸರ್ಫೇಸ್ ಎನರ್ಜಿ, ಅಂದರೆ ದ್ರವ ಅದರ ಮೇಲೆ ಎಷ್ಟು ಚೆನ್ನಾಗಿ ಹರಡುತ್ತದೆ ಎಂಬುದನ್ನು ಅಳೆಯಲು ಎಲ್ಲರೂ ಅದನ್ನೇ ಬಳಸುತ್ತೇವೆ: 38 ಡೈನ್‌ನ ಪೆನ್ನಿನಲ್ಲಿ ಗೆರೆ ಎಳೆದು ಎರಡು ಸೆಕೆಂಡ್ ನೋಡುವುದು, ಗೆರೆ ಹಾಗೇ ನಿಂತರೆ 42ರ ಪೆನ್, ಹನಿಹನಿಯಾಗಿ ಮುದುಡಿಕೊಂಡರೆ ಫೇಲ್. ಎಣ್ಣೆ, ಮೇಣ, ಸಿಲಿಕೋನ್ ಇದ್ದರೆ ಇದು ಸರಿಯಾಗಿಯೇ ಹಿಡಿಯುತ್ತದೆ. ಗ್ಲಿಸರಿನ್ ಹಾಗಲ್ಲ. ಅದರದ್ದೇ ಸರ್ಫೇಸ್ ಟೆನ್ಷನ್ 63ರ ಆಸುಪಾಸು, ನೀರನ್ನು ಪ್ರೀತಿಯಿಂದ ಹರಡಿಕೊಳ್ಳುವ ವಸ್ತು. ಹಾಗಾಗಿ 42ರ ಗೆರೆ ಚೆನ್ನಾಗಿ ನಿಂತಿತು, ನೀರು ಸುರಿದು ನೋಡಿದರೆ ನೀರೂ ಒಡೆಯದೆ ಹರಿಯಿತು. ಮೈ ಶುದ್ಧವಾಗಿದೆ ಎಂದು ತೀರ್ಮಾನಿಸಿ ತಪ್ಪನ್ನು ಲ್ಯಾಂಪಿನಲ್ಲಿ ಹುಡುಕಲು ಹೋದೆ.

ಲ್ಯಾಂಪ್ ಏರಿಸಿದರೆ ಯಾಕೆ ಇನ್ನಷ್ಟು ಕೆಡುತ್ತದೆ ಅಂದರೆ, ಯುವಿ ಇಂಕಿನ ಅಕ್ರಿಲೇಟ್ ಗಟ್ಟಿಯಾಗುವಾಗ ಕುಗ್ಗುತ್ತದೆ. ಜಾಸ್ತಿ ಕ್ಯೂರ್ ಆದಷ್ಟೂ, ಅಂದರೆ ಬೆಳಕಿಗೆ ಗಟ್ಟಿಯಾದಷ್ಟೂ, ಪದರ ಬಿರುಸಾಗಿ, ಅಂಚಿನಿಂದ ಒಳಕ್ಕೆ ಎಳೆದುಕೊಳ್ಳುತ್ತದೆ. ಹಿಡಿತ ಗಟ್ಟಿಯಿದ್ದರೆ ಆ ಎಳೆತ ತಡೆಯುತ್ತದೆ, ಇಲ್ಲದಿದ್ದರೆ ಲೋಗೊದ ಮೂಲೆಗಳು ತಾವೇ ಮೇಲೇಳುತ್ತವೆ. ಆಮೇಲೆ ಹಾರ್ಡ್ ಇಂಕು ತರಿಸಿದೆ, ಅದು ಇನ್ನೂ ಬಿರುಸು. ಇಂಕು ಬದಲಿಸಲು ಮೆಷಿನ್ನಿನ ಇಂಕಿನ ಕೊಳವೆ ತೊಳೆದದ್ದು, ಡ್ಯಾಂಪರ್ (ಪ್ರಿಂಟ್ ಹೆಡ್ಡಿಗೆ ಇಂಕು ಹೋಗುವ ಪುಟ್ಟ ಡಬ್ಬಿ) ಬದಲಾಯಿಸಿದ್ದು ಎಲ್ಲ ದಂಡ.

ಕೊನೆಗೆ ಒಂದು ಗಾಜಿನ ತುಂಡಿನ ಮೇಲೆ ಎರಡು ಹನಿ ಬಿಟ್ಟು ರಾತ್ರಿಯಿಡೀ ಇಟ್ಟೆ. ಎಡಕ್ಕೆ ಸ್ನೇಹಿತರ ಹತ್ತಿರ ಬೇಡಿ ತಂದ 99% ಐಪಿಎ, ಬಲಕ್ಕೆ ಸ್ಯಾನಿಟೈಸರ್. ಬೆಳಿಗ್ಗೆ ಎಡಗಡೆ ಏನೂ ಇರಲಿಲ್ಲ. ಬಲಗಡೆ ಮಸುಕು ಉಂಗುರ, ಬೆರಳಿಟ್ಟರೆ ಅಂಟು. ನಿಮ್ಮ ಸ್ಪಿರಿಟ್ಟನ್ನೂ ಇವತ್ತೇ ಹೀಗೆ ನೋಡಿ. ಗುರುತು ಉಳಿದರೆ ಆ ಕ್ಯಾನ್ ಪಕ್ಕಕ್ಕಿಡಿ.

ಜೊತೆಗೆ ಎದ್ದು ಬಂದ ಇಂಕಿನ ಸಿಪ್ಪೆಯನ್ನು ತಿರುಗಿಸಿ ಹಿಂಬದಿ ಮುಟ್ಟಿ. ಒಣಗಿ ಕನ್ನಡಿಯಂತೆ ನುಣುಪಾಗಿದ್ದು, ಬಾಟಲಿಯಲ್ಲಿ ಒಂದಿಷ್ಟೂ ಇಂಕು ಉಳಿದಿಲ್ಲವೆಂದರೆ ತೊಂದರೆ ಬಾಟಲಿಯ ಮೈಯದ್ದು. ಹಿಂಬದಿ ಅಂಟಂಟಾಗಿದ್ದು ವಾಸನೆ ಬಂದರೆ ಮಾತ್ರ ಕ್ಯೂರ್ ಸಾಲದು, ಅದೂ ಹೆಚ್ಚಾಗಿ ಬಿಳಿ ಇಂಕಿನಲ್ಲಿ. ಬಿಳಿಯಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ಯುವಿ ಬೆಳಕನ್ನು ತಾನೇ ನುಂಗಿ ತಳಕ್ಕೆ ಹೋಗಲು ಬಿಡುವುದಿಲ್ಲ. ಆಗಲೂ ಮೊದಲು ಮಾಡಬೇಕಾದ್ದು ದಪ್ಪ ಬಿಳಿಯ ಒಂದು ಪದರವನ್ನು ಎರಡು ತೆಳು ಪದರವಾಗಿ ಒಡೆಯುವುದು, ಲ್ಯಾಂಪಿನ ಗಾಜಿಗೆ ಅಂಟಿದ ಇಂಕಿನ ಮಂಜು ಒರೆಸುವುದು. ಪವರ್ ಆಮೇಲೆ.

ನೀವು ಮೂರ್ನಾಲ್ಕು ದಿನಕ್ಕೆ ಇಡಿಯಾಗಿ ಸಿಪ್ಪೆ ಬರುತ್ತಿದೆ ಅಂದಿದ್ದೀರಿ, ಹಾಗಾಗಿ ನನ್ನ ಅನುಮಾನ ಮೈ ಮೇಲೆಯೇ. ಒರೆಸುವ ಕ್ರಮ ಹೀಗಿರಲಿ. ಮೊದಲು ಪಾತ್ರೆ ತೊಳೆಯುವ ಸೋಪಿನ ನೀರು, ಎರಡು ಸಲ ಸಾದಾ ನೀರು, ಪೂರ್ತಿ ಆರಬೇಕು. ಪೌಡರಿಲ್ಲದ ನೈಟ್ರೈಲ್ ಗ್ಲೌಸ್ ಹಾಕಿಕೊಂಡು, ನೂಲು ಬಿಡದ ಬಟ್ಟೆಯಲ್ಲಿ 99% ಐಪಿಎ ತೆಗೆದುಕೊಂಡು ಒಂದೇ ದಿಕ್ಕಿಗೆ ಒರೆಸಿ, ಅದು ಆರುವ ಮೊದಲೇ ಎರಡನೇ ಒಣಬಟ್ಟೆಯಲ್ಲಿ ಎತ್ತಿಬಿಡಿ. ಎರಡನೇ ಬಟ್ಟೆಯ ಕೆಲಸವನ್ನು ಯಾರೂ ಮಾಡುವುದಿಲ್ಲ. ಮಾಡದಿದ್ದರೆ ಕರಗಿದ ಕೊಳೆ ಐಪಿಎ ಆರುತ್ತಿದ್ದಂತೆ ಮತ್ತೆ ಅಲ್ಲೇ ಕೂರುತ್ತದೆ, ನೀವು ಅದನ್ನು ಬಾಟಲಿ ತುಂಬ ಹರಡಿದ್ದಷ್ಟೇ ಲಾಭ. ಪ್ರತಿ ಬಾಟಲಿಗೂ ಬಟ್ಟೆಯ ಹೊಸ ಮಡಿಕೆ. ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಿ ಒಗೆದ ಮೈಕ್ರೋಫೈಬರ್ ಬೇಡವೇ ಬೇಡ, ಅದೂ ಒಂದು ಜಿಡ್ಡಿನ ಪದರ ಬಿಡುತ್ತದೆ. ಮೆಷಿನ್ನಿನ ರೈಲಿಗೆ ಸಿಲಿಕೋನ್ ಸ್ಪ್ರೇ ಹೊಡೆಯುವ ಅಭ್ಯಾಸವಿದ್ದರೆ ಆ ಕೋಣೆಯಲ್ಲಿ ಅದನ್ನು ಹೊಡೆಯುವುದು ಬಿಟ್ಟುಬಿಡಿ. ಥಿನ್ನರ್, ಅಸಿಟೋನ್ ಪೌಡರ್ ಕೋಟಿನ ಹೊಳಪು ತಿನ್ನುತ್ತವೆ. ಐಪಿಎ ಹೊತ್ತಿಕೊಳ್ಳುವ ವಸ್ತು, ಕಿಟಕಿ ತೆಗೆದಿಟ್ಟು ಕೆಲಸ ಮಾಡಿ.

ಇಷ್ಟಾದರೂ ಹಿಡಿಯದ ಬಾಟಲಿಗಳಿವೆ. ಕೆಲವು ಪೌಡರಿನಲ್ಲಿ ಗೀರು ಬೀಳದಿರಲೆಂದು ಮೇಣ ಸೇರಿಸಿರುತ್ತಾರೆ, ಬರಿಯ ಸ್ಟೀಲಿನ ಮೇಲೆ ಪಾಲಿಶ್ ಸೋಪಿನ ಜಿಡ್ಡಿರುತ್ತದೆ. ಅಲ್ಲಿ ಆ ವಸ್ತುವಿಗೆಂದೇ ಇರುವ ಪ್ರೈಮರ್, ಅಂದರೆ ಇಂಕಿಗೆ ಮುಂಚೆ ಹಿಡಿತಕ್ಕೆ ಬಳಿಯುವ ದ್ರವ ಬೇಕು, ಅದೂ ಕಣ್ಣಿಗೆ ಕಾಣದಷ್ಟು ತೆಳುವಾಗಿ. ಹೊಳೆಯುವಷ್ಟು ಬಳಿದರೆ ಪ್ರೈಮರ್ ಸಮೇತ ಸಿಪ್ಪೆ ಏಳುತ್ತದೆ. ಮೇಲಿಂದ ವಾರ್ನಿಷ್ ಹೊಡೆದರೆ ನಿಲ್ಲುತ್ತದೆ ಎನ್ನುವವರ ಮಾತು ಕೇಳಬೇಡಿ. ವಾರ್ನಿಷ್ ಗೀರು ತಡೆಯುತ್ತದೆ, ತಳದ ಹಿಡಿತಕ್ಕೆ ಅದು ಇನ್ನೊಂದು ಕುಗ್ಗುವ ಪದರ ಅಷ್ಟೇ. ಪ್ಲಾಸ್ಟಿಕ್ ಮುಚ್ಚಳ ಪಾಲಿಪ್ರೊಪಿಲೀನ್ ಆಗಿದ್ದರೆ, ಅದರ ಸರ್ಫೇಸ್ ಎನರ್ಜಿ 30ರ ಹತ್ತಿರವೇ, ಫ್ಲೇಮ್ ಟ್ರೀಟ್‌ಮೆಂಟ್ (ಹಿಡಿತ ಬರಲೆಂದು ಮೈಗೆ ಕ್ಷಣಕಾಲ ಜ್ವಾಲೆ ತಾಗಿಸುವುದು) ಅಥವಾ ಪ್ರೈಮರ್ ಇಲ್ಲದೆ ಆರ್ಡರ್ ಒಪ್ಪಿಕೊಳ್ಳಬೇಡಿ.

ಪರೀಕ್ಷೆಯನ್ನು ಪ್ರಿಂಟ್ ಆದ ತಕ್ಷಣ ಮಾಡಬೇಡಿ, 24 ಗಂಟೆ ಬಿಡಿ. ಹೊಸ ಬ್ಲೇಡಿನಲ್ಲಿ 1 ಮಿಲಿಮೀಟರ್ ಅಂತರಕ್ಕೆ ಆರು ಗೀರು, ಅಡ್ಡಡ್ಡ ಮತ್ತೆ ಆರು, ಟೇಪ್ ಒತ್ತಿ ಅಂಟಿಸಿ ಸುಮಾರು 60 ಡಿಗ್ರಿ ಕೋನದಲ್ಲಿ ಒಂದೇ ಎಳೆತಕ್ಕೆ ಕೀಳಿ. ಈ ಪರೀಕ್ಷೆಗೆ ಅಂಕ ಕೊಡುವ ಮಾನದಂಡ ಎರಡಿವೆ: ಐಎಸ್‌ಒ 2409ರ ಪ್ರಕಾರ 0 ಅತ್ಯುತ್ತಮ, 5 ಅತಿ ಕೆಟ್ಟದ್ದು. ಎಎಸ್‌ಟಿಎಂ ಡಿ3359ರಲ್ಲಿ ಇದು ತಲೆಕೆಳಗು, 5ಬಿ ಅತ್ಯುತ್ತಮ. ಗ್ರಾಹಕರು ಬರೀ "5 ಬೇಕು" ಅಂದರೆ ಯಾವ ಪಟ್ಟಿಯ 5 ಎಂದು ಕೇಳಿಕೊಳ್ಳಿ. ಆಮೇಲೆ ಅದೇ ಬಾಟಲಿಯನ್ನು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಟ್ಟು, ಒರೆಸಿ ಆರಿಸಿ, ಪಕ್ಕದಲ್ಲೇ ಮತ್ತೆ ಗೀರಿ ಕೀಳಿ. ಗ್ಲಿಸರಿನ್ ನೀರಿನಲ್ಲಿ ಕರಗುತ್ತದೆ, ಹಾಗಾಗಿ ಡೈನ್ ಪೆನ್ ಹೇಳದ್ದನ್ನು ಈ ಎರಡನೇ ಟೇಪ್ ಹೇಳುತ್ತದೆ.

ಈಗಾಗಲೇ ಹೊಡೆದಿರುವ ಬಾಟಲಿಗಳನ್ನು ಎಸೆಯಬೇಡಿ. ಸಡಿಲ ಇಂಕನ್ನು ಅಗಲ ಟೇಪಿನಲ್ಲೇ ಎತ್ತಿ, ಉಳಿದದ್ದನ್ನು ಪ್ಲಾಸ್ಟಿಕ್ ಸ್ಕ್ರೇಪರಿನಲ್ಲಿ ತೆಗೆದು, ಸೋಪಿನ ನೀರಿನಿಂದ ಮೊದಲಿನಂತೆ ಶುರುಮಾಡಿ. ಮೊದಲು ಐದು ಬಾಟಲಿ, ಲ್ಯಾಂಪ್ ಹಳೆಯ ಸೆಟ್ಟಿಂಗಿನಲ್ಲೇ ಇರಲಿ. ಅವು ನೀರಿನಿಂದ ಎದ್ದು ಟೇಪಿಗೆ ನಿಂತರೆ ಮಿಕ್ಕವನ್ನು ಹೊಡೆಯಿರಿ.