ಮಕ್ಕಳ ಎದುರೇ ಲೆಕ್ಕ ಬರೆಯಿರಿ

ಓದುಗರ ಪತ್ರ:
ನಾನು ಖಾಸಗಿ ಶಾಲೆಯಲ್ಲಿ ಟೀಚರ್. ಗಂಡನಿಗೆ ಮಂಗಳೂರಿನಲ್ಲಿ ಕೆಲಸ. ಬೆಳಿಗ್ಗೆ ಕುಂಬಳೆಗೆ ಹೋಗಿ ರೈಲು ಹತ್ತಿದರೆ ಮನೆಗೆ ಬರುವಾಗ ರಾತ್ರಿ. ಒಂದೆಕರೆ ಅಡಿಕೆ ತೋಟ ಇದೆ. ಮಗಳು ಎಂಟನೇ ಕ್ಲಾಸು, ಮಗ ನಾಲ್ಕನೇ ಕ್ಲಾಸು. ಅತ್ತೆ ಜೊತೆಗಿದ್ದಾರೆ. ಮೊನ್ನೆ ಮಗಳು ಹೊಸ ಸೈಕಲ್ ಕೇಳಿದಳು. "ಈಗ ದುಡ್ಡಿಲ್ಲ, ಚಿಟ್ಟಿ ಕಟ್ಟಬೇಕು, ಅಡವಿಟ್ಟ ಚಿನ್ನ ಬಿಡಿಸಬೇಕು" ಎಂದು ಇದ್ದದ್ದನ್ನು ಹೇಳಿದೆ. ಅತ್ತೆಗೆ ಸಿಟ್ಟು ಬಂತು. ಮಕ್ಕಳ ಎದುರು ಇಲ್ಲ ಅನ್ನಬಾರದು, ಅವರ ಮನಸ್ಸು ಸಣ್ಣದಾಗುತ್ತದೆ ಎಂದರು. ಗಂಡ ಏನೂ ಹೇಳಲಿಲ್ಲ. ನಾನು ಹೇಳಿದ್ದು ತಪ್ಪಾ? ಇಷ್ಟನ್ನೆಲ್ಲ ಒಬ್ಬಳೇ ತಲೆಯಲ್ಲಿಟ್ಟುಕೊಂಡು ನಡೆಸುವುದು ಹೇಗೆ?
— ಒಬ್ಬ ತಾಯಿ, ಬದಿಯಡ್ಕ, ಕಾಸರಗೋಡು ಜಿಲ್ಲೆ

ಸಂಪಾದಕರ ಉತ್ತರ:

ತಪ್ಪಲ್ಲ ತಂಗಿ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಈ ವಾರ ಬಂದ ಪತ್ರಗಳಲ್ಲಿ ಉತ್ತರ ಬರೆಯಲೇಬೇಕು ಅನ್ನಿಸಿದ್ದು ಇದಕ್ಕೆ.

ನಿಮ್ಮ ಅತ್ತೆಯವರ ಮಾತಿನಲ್ಲಿ ಪ್ರೀತಿ ಇದೆ. ದಿನಾ ಊಟಕ್ಕೆ ಕೂತಾಗ ಸಾಲದ ಮಾತು ಬಂದರೆ ಮಗುವಿಗೆ ಅನ್ನ ಇಳಿಯುವುದಿಲ್ಲ. "ನಿನ್ನಿಂದಲೇ ಇಷ್ಟು ಖರ್ಚು" ಎಂಬ ಮಾತಂತೂ ಯಾವ ಮಗುವಿನ ಕಿವಿಗೂ ಬೀಳಬಾರದು. ಅಷ್ಟನ್ನು ಒಪ್ಪುತ್ತೇನೆ. ಉಳಿದಂತೆ ನಾನು ಪೂರ್ತಿ ನಿಮ್ಮ ಕಡೆ.

ನಮ್ಮ ಕಡೆಯ ಮನೆಗಳಲ್ಲಿ ಮಕ್ಕಳಿಂದ ಲೆಕ್ಕ ಮುಚ್ಚಿಡುವ ರೂಢಿ ಹಳೆಯದಲ್ಲ. ಅಡಿಕೆ ಸುಲಿಯುವಾಗ ಮಕ್ಕಳೂ ಜಗಲಿಯಲ್ಲಿ ಕೂರುತ್ತಿದ್ದರು. ಪಟೋರ ಯಾವುದು, ಉಳ್ಳಿಗಡ್ಡೆ ಯಾವುದು, ಕೋಕ ಯಾವುದು ಅಂತ ಅಡಿಕೆಯನ್ನು ದರ್ಜೆ ನೋಡಿ ಬೇರೆ ಮಾಡುವ ಕೆಲಸ ಅವರ ಕೈಗೂ ಬರುತ್ತಿತ್ತು. ಎಷ್ಟು ಮೂಟೆ ಅಂಗಡಿಗೆ ಹೋಯಿತು, ಎಷ್ಟು ಮೂಟೆ ಒಳ್ಳೆಯ ಧಾರಣೆಗೆ ಕಾದು ಅಟ್ಟದಲ್ಲಿ ಉಳಿಯಿತು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು. 1970ರ ಆಸುಪಾಸಿನಲ್ಲಿ ಧಾರಣೆ ಕುಸಿಯಿತು. ಬೆಳೆಗಾರರೆಲ್ಲ ಸೇರಿ 1973ರಲ್ಲಿ ಕ್ಯಾಂಪ್ಕೋ ಎಂಬ ಸಹಕಾರಿ ಸಂಸ್ಥೆ ಕಟ್ಟಿದರು. ಆ ಕಾಲದ ಮಕ್ಕಳಿಗೆ ಧಾರಣೆ ಬಿದ್ದ ವರ್ಷ ಹೊಸ ಬಟ್ಟೆ ಯಾಕಿಲ್ಲ ಅಂತ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಬೀಡಿ ಕಟ್ಟುವ ಮನೆಗಳಲ್ಲಿ ಇದು ಇನ್ನೂ ಚೆನ್ನಾಗಿತ್ತು. ಸಾವಿರ ಬೀಡಿಗೆ ಇಷ್ಟು ಮಜೂರಿ. ಎಲೆ ಕಡಿಮೆ ಬಂದರೆ, ಬೀಡಿ ಕಂಪೆನಿಯ ಬ್ರಾಂಚಿನಲ್ಲಿ ಒಂದಿಷ್ಟು ಬೀಡಿ ಚೆನ್ನಾಗಿಲ್ಲ ಅಂತ ತೆಗೆದು ಹಾಕಿದರೆ ಎಷ್ಟು ನಷ್ಟ ಎಂದು ಹತ್ತು ವರ್ಷದ ಹುಡುಗಿ ಬಾಯಲ್ಲೇ ಹೇಳುತ್ತಿದ್ದಳು. ಆ ಮಕ್ಕಳು ದುಡಿಯಬೇಕಾಗಿ ಬಂದದ್ದು ಸರಿ ಅಂತ ನಾನು ಹೇಳುವುದಿಲ್ಲ. ಆದರೆ ಅವರ ಮನಸ್ಸು ಸಣ್ಣದಾಗಲಿಲ್ಲ. ಅಂಥ ಮನೆಗಳಿಂದ ಬಂದ ಹೆಣ್ಣುಮಕ್ಕಳನ್ನು ನಾನು ಬಲ್ಲೆ. ಸಂಸಾರವನ್ನು ಅವರಷ್ಟು ಗಟ್ಟಿಯಾಗಿ ನಡೆಸುವವರನ್ನು ನಾನು ಬೇರೆ ಕಂಡಿಲ್ಲ.

ಈಗಿನ ಮಕ್ಕಳಿಗೆ ದುಡ್ಡು ಕಣ್ಣಿಗೇ ಬೀಳುವುದಿಲ್ಲ. ಸಂಬಳ ಬ್ಯಾಂಕಿಗೆ ಬರುತ್ತದೆ. ಯುಪಿಐ ಬಂದದ್ದು 2016ರಲ್ಲಿ. ನಿಮ್ಮ ಮಗ ಹುಟ್ಟಿದಾಗಿನಿಂದ ನೋಡಿದ್ದು ಅಮ್ಮ ಫೋನ್ ತೋರಿಸುತ್ತಾಳೆ, ಅಂಗಡಿಯವರು ಸಾಮಾನು ಕೊಡುತ್ತಾರೆ, ಇಷ್ಟನ್ನೇ. ಪರ್ಸಿನಲ್ಲಿ ನೋಟು ಕಡಿಮೆಯಾಗುವುದನ್ನು ಅವನು ನೋಡಿಯೇ ಇಲ್ಲ. ನಾವು ಹೇಳದಿದ್ದರೆ ಅವನಿಗೆ ತಿಳಿಯುವುದು ಹೇಗೆ?

ಇನ್ನು ನಿಮ್ಮನ್ನೂ ಸ್ವಲ್ಪ ಗದರಬೇಕು. ಪತ್ರದಲ್ಲಿ ಚಿಟ್ಟಿ ಇದೆ, ಚಿನ್ನ ಇದೆ, ತೋಟ ಇದೆ. ಪುಸ್ತಕ ಎಲ್ಲಿ? ಒಬ್ಬಳೇ ತಲೆಯಲ್ಲಿಟ್ಟುಕೊಂಡಿದ್ದೇನೆ ಅಂತ ನೀವೇ ಬರೆದಿದ್ದೀರಿ. ಕೇರಳ ಸರ್ಕಾರದ ಹೆಂಗಸರ ಸಂಘಗಳ ಯೋಜನೆ ಕುಟುಂಬಶ್ರೀ 1998ರಲ್ಲಿ ಶುರುವಾಯಿತು. ಅಲ್ಲಿ ಹತ್ತಿಪ್ಪತ್ತು ಹೆಂಗಸರು ವಾರಕ್ಕೊಮ್ಮೆ ಒಂದು ಮನೆಯಲ್ಲಿ ಸೇರಿ, ಉಳಿತಾಯ, ಸಾಲ, ಕಂತು ಎಲ್ಲವನ್ನೂ ಬರೆದು ಗಟ್ಟಿಯಾಗಿ ಓದುತ್ತಾರೆ. ಸಂಘದ ದುಡ್ಡಿಗೆ ಅಷ್ಟು ಶಿಸ್ತು. ಅದೇ ಹೆಂಗಸು ಮನೆಗೆ ಬಂದರೆ ಸ್ವಂತ ಲೆಕ್ಕಕ್ಕೆ ಪುಸ್ತಕ ಇಲ್ಲ. ಇದು ನನಗೆ ಎಷ್ಟೋ ವರ್ಷದಿಂದ ಇರುವ ಸಂಕಟ.

ಜಪಾನಿನಲ್ಲಿ ಹಾನಿ ಮೊಟೊಕೊ ಎಂಬ ಪತ್ರಕರ್ತೆ ಇದ್ದರು. ಹೆಂಗಸರ ಪತ್ರಿಕೆ ನಡೆಸುತ್ತಿದ್ದವರು. 1904ರಲ್ಲಿ ಅವರು ಮನೆಯ ಲೆಕ್ಕ ಬರೆಯಲಿಕ್ಕೆ ಅಂತಲೇ ಒಂದು ಪುಸ್ತಕ ಅಚ್ಚು ಹಾಕಿಸಿದರು. ಅದನ್ನು ಅಲ್ಲಿ ಕಾಕೆಬೋ ಅನ್ನುತ್ತಾರೆ. ನೂರು ವರ್ಷ ದಾಟಿದರೂ ಅಲ್ಲಿನ ಜನ ಕೈಯಲ್ಲಿ ಬರೆಯುವುದನ್ನು ಬಿಟ್ಟಿಲ್ಲ. ಪತ್ರಿಕೆ ನಡೆಸುವವರು ಮಾಡಬಹುದಾದ ಕೆಲಸಗಳಲ್ಲಿ ಇದಕ್ಕಿಂತ ದೊಡ್ಡದು ನನಗೆ ಕಾಣುವುದಿಲ್ಲ.

ಪುಸ್ತಕ ನೀವೊಬ್ಬರೇ ಬರೆಯಬೇಡಿ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಕೆಲಸ ಮಾಡುವ ಹೆಂಗಸರು ಅದಕ್ಕೆ ಕೊಡುವ ಹೊತ್ತು ದಿನಕ್ಕೆ ಸರಾಸರಿ 289 ನಿಮಿಷ. ಮನೆಕೆಲಸ ಮಾಡುವ ಗಂಡಸರದ್ದು 88 ನಿಮಿಷ. ಮನೆಕೆಲಸಕ್ಕೆ ಕೈ ಹಾಕುವ ಗಂಡಸರೇ ಕಡಿಮೆ, ಹಾಕಿದವರ ಲೆಕ್ಕ ಇದು. ಇದರ ಮೇಲೆ ಯೋಚನೆಯ ಹೊರೆ ಬೇರೆ. ಗ್ಯಾಸ್ ಬುಕ್ ಮಾಡಿದ್ದಾ, ಕರೆಂಟ್ ಬಿಲ್ಲು ಕಟ್ಟಿದ್ದಾ, ಶಾಲೆಯ ವ್ಯಾನಿಗೆ ಕೊಟ್ಟಾಯಿತಾ. ನಿಮ್ಮ ಗಂಡ ಏನೂ ಹೇಳಲಿಲ್ಲ ಎಂದು ಬರೆದಿದ್ದೀರಿ. ಅವರು ಹೇಳಬೇಕು. ರೈಲಿನಲ್ಲಿ ಕೂತ ಹೊತ್ತಿನಲ್ಲಿ ಅವರೇ ಆ ವಾರದ ಖರ್ಚು ಬರೆಯಲಿ. ಭಾನುವಾರ ಸಂಜೆ ಮಗಳು ಅದನ್ನು ಕೂಡಿಸಲಿ, ಅತ್ತೆಯವರೂ ಕೇಳಿಸಿಕೊಳ್ಳಲಿ. ಅವರಿಗೆ ಪೆನ್ಶನ್ ಬರುತ್ತಿದ್ದರೆ ಅದು ಅವರ ಹೆಸರಿನಲ್ಲಿ ಬೇರೆ ಪುಟದಲ್ಲಿರಲಿ. ಅದಕ್ಕೆ ಕೈ ಹಾಕಬೇಡಿ.

ಬರೆಯತೊಡಗಿದರೆ ನಿಮ್ಮ ತೊಂದರೆ ತಿಂಗಳ ಕೊನೆಯದ್ದಲ್ಲ, ಜೂನಿನದ್ದು ಅಂತ ನಿಮಗೇ ಗೊತ್ತಾಗುತ್ತದೆ. ನಮ್ಮಲ್ಲಿ ಶಾಲೆ ಶುರುವಾಗುವುದೂ ಜೂನಿನಲ್ಲಿ, ಮಳೆ ಹಿಡಿಯುವುದೂ ಜೂನಿನಲ್ಲಿ. ಯೂನಿಫಾರ್ಮ್, ಪುಸ್ತಕ, ಕೊಡೆ, ಬ್ಯಾಗು ಒಂದು ಕಡೆ. ಇನ್ನೊಂದು ಕಡೆ ಅಡಿಕೆಯ ಕೊಳೆರೋಗಕ್ಕೆ ಮದ್ದು ಸಿಂಪಡಿಸಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮರ ಹತ್ತುವವರ ಕೂಲಿ ಬೇರೆ. ನಲವತ್ತು ನಲವತ್ತೈದು ದಿನ ಕಳೆದರೆ ಮತ್ತೊಮ್ಮೆ ಬಿಡಬೇಕು. ಅಷ್ಟು ಹೊತ್ತಿಗೆ ಬೇಸಿಗೆಯ ಅಡಿಕೆ ದುಡ್ಡು ಖಾಲಿಯಾಗಿರುತ್ತದೆ. ಆಗ ಚಿನ್ನ ಬ್ಯಾಂಕಿಗೆ ಹೋಗುತ್ತದೆ, ಅಲ್ವಾ? ಕಳೆದ ಜೂನಿನ ಬಿಲ್ಲುಗಳನ್ನು ಹುಡುಕಿ ಕೂಡಿಸಿ. 18,000 ಆಯಿತು ಅಂತಿಟ್ಟುಕೊಳ್ಳಿ. ಡಿಸೆಂಬರಿನಿಂದ ಮೇ ತನಕ ತಿಂಗಳಿಗೆ 3,000 ತೆಗೆದಿಟ್ಟರೆ ಜೂನಿಗೆ ಸಾಲ ಬೇಡ. ಆ ತಿಂಗಳುಗಳಲ್ಲೇ ತೋಟದಿಂದ ಕೈಗೆ ದುಡ್ಡು ಬರುವುದು, ಹಾಗಾಗಿ ಇದು ಆಗದ ಮಾತಲ್ಲ.

ಅಡವಿಟ್ಟ ಚಿನ್ನದ ವಿಷಯದಲ್ಲಿ ಒಂದೇ ಮಾತು. ವರ್ಷ ವರ್ಷ ಬಡ್ಡಿ ಕಟ್ಟಿ ತಿರುಗಿಸಿ ಇಡಬೇಡಿ. ಕಟ್ಟಿದ ಬಡ್ಡಿ ಎಷ್ಟಾಯಿತು ಅಂತ ಪುಸ್ತಕದಲ್ಲಿ ಕೆಳಗೆ ಕೆಳಗೆ ಬರೆಯಿರಿ. ಆ ಸಾಲು ಉದ್ದವಾಗುತ್ತಾ ಹೋದಾಗ ಮೊದಲು ಅದನ್ನು ಬಿಡಿಸಬೇಕು ಅಂತ ಗಂಡನಿಗೂ ಅನ್ನಿಸುತ್ತದೆ.

ಚಿಟ್ಟಿಯನ್ನಂತೂ ಮಗಳಿಗೇ ವಹಿಸಿ. ಶೇಕಡಾ ಲೆಕ್ಕ ಅವಳು ಶಾಲೆಯಲ್ಲಿ ಕಲಿತಿದ್ದಾಳೆ. ನಲವತ್ತು ಜನ, ತಿಂಗಳಿಗೆ 2,500, ಒಟ್ಟು ಒಂದು ಲಕ್ಷ. ತಿಂಗಳ ಹರಾಜಿನಲ್ಲಿ ಒಬ್ಬರು ಶೇಕಡಾ 30 ಬಿಟ್ಟುಕೊಟ್ಟು ಚಿಟ್ಟಿ ಹಿಡಿದರೆ ಅವರ ಕೈಗೆ 70,000. ಬಿಟ್ಟ 30,000ದಲ್ಲಿ ಚಿಟ್ಟಿ ನಡೆಸುವವರ ಕಮಿಷನ್ ಶೇಕಡಾ 5, ಅಂದರೆ 5,000 ಕಳೆಯಿರಿ. ಉಳಿದ 25,000 ನಲವತ್ತು ಜನಕ್ಕೆ ಹಂಚಿದರೆ ತಲೆಗೆ 625. ಆ ಸಲ ಕಟ್ಟಬೇಕಾದದ್ದು 1,875. ಬೇಗ ಹಿಡಿದರೆ ಎಷ್ಟು ಕಳೆದುಕೊಳ್ಳುತ್ತೇವೆ, ಕಾದರೆ ಎಷ್ಟು ಉಳಿಯುತ್ತದೆ ಎಂದು ಅವಳೇ ನಿಮಗೆ ಹೇಳಲಿ. ಸೈಕಲ್ ಯಾವ ತಿಂಗಳಲ್ಲಿ ತರಬಹುದು ಎನ್ನುವುದನ್ನೂ ಅವಳೇ ಬರೆಯಲಿ. ಅವಳು ಬರೆದ ತಿಂಗಳಲ್ಲಿ ತಪ್ಪದೆ ತಂದುಕೊಡಿ.

ಪುಸ್ತಕದ ಕೊನೆಯ ಪುಟಗಳನ್ನು ಆಸ್ಪತ್ರೆಗೆ ಬಿಡಿ. ನಮ್ಮ ಜಿಲ್ಲೆಯ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ ಅಡಿಗಲ್ಲು ಹಾಕಿದ್ದು 2013ರಲ್ಲಿ. ಇವತ್ತಿಗೂ ದೊಡ್ಡ ಕಾಯಿಲೆ ಅಂದರೆ ನಮಗೆ ಮಂಗಳೂರೇ ಗತಿ. 2020ರ ಲಾಕ್‌ಡೌನಿನಲ್ಲಿ ಕರ್ನಾಟಕಕ್ಕೆ ದಾಟುವ ತಲಪಾಡಿ ಗಡಿ ಮುಚ್ಚಿದಾಗ ರೋಗಿಗಳು ದಾಟಲಾಗದೆ ಒದ್ದಾಡಿದ್ದನ್ನು ನಾವ್ಯಾರೂ ಮರೆಯುವುದಿಲ್ಲ. ಕೇರಳದ ಕಾರುಣ್ಯ ಆರೋಗ್ಯ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ನಿಮಗೆ ಅದು ಸಿಗುತ್ತದಾ, ಮಂಗಳೂರಿನ ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ ಎಂದು ಎಲ್ಲರೂ ಆರೋಗ್ಯವಾಗಿರುವಾಗಲೇ ವಿಚಾರಿಸಿ ಬರೆದಿಡಿ.

ಇಲ್ಲಿ ಇನ್ನೊಂದು ನೋವು ಹೇಳದಿದ್ದರೆ ಈ ಉತ್ತರ ಮುಗಿಯುವುದಿಲ್ಲ. ನಮ್ಮೂರಿನಲ್ಲಿ ಒಬ್ಬ ಬೆಳೆಗಾರ ತೀರಿಕೊಂಡರು. ಸಾಲ ಇದ್ದದ್ದು ಹೆಂಡತಿಗೆ ತಿಳಿದದ್ದು ನೋಟೀಸು ಬಂದ ಮೇಲೆ. ಆ ನೋಟೀಸು ಮಲಯಾಳದಲ್ಲಿತ್ತು. ಆಕೆಗೆ ಕನ್ನಡ ಚೆನ್ನಾಗಿ ಓದಲು ಬರುತ್ತದೆ. ಆದರೂ ಅದನ್ನು ಹಿಡಿದುಕೊಂಡು ಪಕ್ಕದ ಮನೆಗೆ ಹೋಗಬೇಕಾಯಿತು. ತನ್ನ ಮನೆಯ ಸಾಲದ ಮೊತ್ತ ತನಗಿಂತ ಮೊದಲು ನೆರೆಯವರಿಗೆ ಗೊತ್ತಾಯಿತು. 1956ರಲ್ಲಿ ನಾವು ಕಾಸರಗೋಡಿನವರು ಕೇರಳಕ್ಕೆ ಸೇರಿದ ಮೇಲೆ ಎಷ್ಟು ಹೆಂಗಸರು ಹೀಗೆ ಕಾಗದ ಹಿಡಿದು ಮನೆ ಮನೆ ಅಲೆದಿದ್ದಾರೋ! ಮನೆಗೆ ಬಂದ ಕಾಗದ ಓದಲಾಗದ ಹೆಂಗಸಿಗೆ ಸಂಸಾರದ ಲೆಕ್ಕ ನೋಡಿಕೋ ಅಂದರೆ ಅವಳಾದರೂ ಏನು ಮಾಡಬೇಕು? ಸಂಸಾರದ ಬುದ್ಧಿ ಹೇಳುವ ಯಾರೂ ಇದನ್ನು ಎತ್ತುವುದಿಲ್ಲ.

ಕಾನೂನು ನಮ್ಮ ಪರವಾಗಿದೆ. ಕೇರಳದ 1969ರ ಅಧಿಕೃತ ಭಾಷೆಗಳ ಕಾಯ್ದೆಯ ಪ್ರಕಾರ, ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರ್ಕಾರಿ ಕಚೇರಿಗಳಿಗೆ ನಾವು ಕನ್ನಡದಲ್ಲಿ ಬರೆಯಬಹುದು. ಉತ್ತರವೂ ಕನ್ನಡದಲ್ಲೇ ಬರಬೇಕು. ನಿಮ್ಮ ಮಗಳು ಮಲಯಾಳ ಕಲಿಯಲಿ, ಚೆನ್ನಾಗಿ ಕಲಿಯಲಿ. ಆದರೆ ಅಜ್ಜಿಯ ಕಾಗದ ಅಜ್ಜಿಗೇ ಓದುವ ಹಾಗಿರಬೇಕು. ಮುಂದಿನ ಸಲ ವಿಲೇಜ್ ಆಫೀಸಿಗೋ ಪಂಚಾಯತಿಗೋ ಹೋಗುವಾಗ ಅರ್ಜಿಯನ್ನು ಕನ್ನಡದಲ್ಲೇ ಕೊಡಿ, ಒಂದು ಪ್ರತಿ ಇಟ್ಟುಕೊಳ್ಳಿ. ಉತ್ತರ ಮಲಯಾಳದಲ್ಲಿ ಬಂದರೆ ಎರಡನ್ನೂ ನಮಗೆ ಕಳಿಸಿ. ನಿಮ್ಮ ಹೆಸರು ಬಿಟ್ಟು ಅಚ್ಚು ಹಾಕುತ್ತೇವೆ.