ಕ್ಲಿಕ್ಕಿಗಲ್ಲ, ಕರೆಗೆ ಕಾಸು

ಓದುಗರ ಪ್ರಶ್ನೆಗಳು: ಸರ್ಚ್ ಜಾಹೀರಾತು ಮತ್ತು ವೆಬ್‌ಸೈಟ್ ಕೆಲಸ

ಪ್ರಶ್ನೆ: ಬಿ.ಕಾಂ. ಮುಗಿಸಿದ್ದೇನೆ. ಮೂರು ತಿಂಗಳ ಡಿಜಿಟಲ್ ಮಾರ್ಕೆಟಿಂಗ್ ಕೋರ್ಸಿಗೆ 45,000 ರೂಪಾಯಿ ಕೇಳುತ್ತಿದ್ದಾರೆ, ಸರ್ಟಿಫಿಕೇಟ್ ಗ್ಯಾರಂಟಿ ಅನ್ನುತ್ತಾರೆ. ಸೇರಬಹುದೇ? (ತಿಪಟೂರು)

ಸರ್ಟಿಫಿಕೇಟ್ ಒಂದೇ ಬೇಕಿದ್ದರೆ ಗೂಗಲ್‌ನ ಸ್ಕಿಲ್‌ಶಾಪ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಪಾಠವೂ ಅಲ್ಲೇ, ಪರೀಕ್ಷೆಯೂ ಅಲ್ಲೇ. ಸರ್ಚ್ ಜಾಹೀರಾತಿನ (ಗೂಗಲ್‌ನಲ್ಲಿ ಹುಡುಕಿದಾಗ ಫಲಿತಾಂಶದ ಜೊತೆ ಕಾಣುವ ಜಾಹೀರಾತಿನ) ಪರೀಕ್ಷೆಗೆ ಶೇ. 80 ಅಂಕ ಬೇಕು. ಫೇಲಾದರೆ ಒಂದು ದಿನ ಬಿಟ್ಟು ಮತ್ತೆ ಬರೆಯಬಹುದು. ಪಾಸಾದರೆ ಒಂದು ವರ್ಷ ಚಾಲ್ತಿ. ಆದರೆ ಆ ಕಾಗದದಿಂದ ಅನ್ನ ಹುಟ್ಟುವುದಿಲ್ಲ. ಯಾವ ಬಟನ್ ಎಲ್ಲಿದೆ, ಗೂಗಲ್ ಏನನ್ನು ಶಿಫಾರಸು ಮಾಡುತ್ತದೆ ಎಂಬುದನ್ನಷ್ಟೇ ಅದು ಕೇಳುತ್ತದೆ. ದುಡ್ಡು ಎಲ್ಲಿ ಸೋರುತ್ತದೆ ಎಂದು ಕೇಳುವುದಿಲ್ಲ.

ಆ 45,000ದಲ್ಲಿ ಏಳು ಸಾವಿರದಷ್ಟನ್ನು ನಿಜವಾದ ಒಂದು ಅಂಗಡಿಯ ಜಾಹೀರಾತಿಗೆ ಹಾಕಿ ನೋಡಿ. ಪರಿಚಯದ ಮೋಟಾರ್ ರಿವೈಂಡಿಂಗ್ ಅಂಗಡಿಯಾಗಲಿ, ಶಾಮಿಯಾನದವರಾಗಲಿ, ಯಾರಾದರೂ ಸರಿ. ದಿನಕ್ಕೆ 200 ರೂಪಾಯಿ ಇಟ್ಟರೆ ತಿಂಗಳಿಗೆ 6,080. ಗೂಗಲ್ ತಿಂಗಳನ್ನು 30.4 ದಿನವೆಂದು ಲೆಕ್ಕ ಹಿಡಿಯುತ್ತದೆ. ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ ಸುಮಾರು 7,174. ಮುಂಗಡ ಪಾವತಿಯ ಖಾತೆಯಲ್ಲಿ ಈ ತೆರಿಗೆ ನೀವು ಹಾಕಿದ ಹಣದಲ್ಲೇ ಮುರಿದುಹೋಗುತ್ತದೆ: 1,000 ಹಾಕಿದರೆ ಜಾಹೀರಾತಿಗೆ ಉಳಿಯುವುದು 847. ಹೊಸಬರು ಇದನ್ನು ಕಂಡು ‘ದುಡ್ಡು ಕದ್ದರು’ ಎಂದು ಗಾಬರಿಯಾಗುತ್ತಾರೆ. ಅದು ಕಳವಲ್ಲ, ಕಂದಾಯ.

ಪ್ರಶ್ನೆ: ಮೈಸೂರಿನಲ್ಲಿ ಸೋಲಾರ್ ವಾಟರ್ ಹೀಟರ್ ಸರ್ವೀಸ್ ನಮ್ಮದು. ದಿನಕ್ಕೆ 300 ರೂಪಾಯಿ ಎಂದು ಹಾಕಿದರೆ ಒಂದು ದಿನ 580 ಹೋಯಿತು. ನಾಲ್ಕು ದಿನಕ್ಕೆ 1,260 ರೂಪಾಯಿ, 90 ಕ್ಲಿಕ್. ಕರೆ ಮಾತ್ರ ಒಂದೂ ಇಲ್ಲ. ಎಲ್ಲಿ ತಪ್ಪಿದೆ?

580 ಹೋದದ್ದು ತಪ್ಪಲ್ಲ. ಒಂದು ದಿನದಲ್ಲಿ ಇಟ್ಟ ಬಜೆಟ್ಟಿನ ಎರಡು ಪಟ್ಟಿನವರೆಗೆ ಗೂಗಲ್ ಖರ್ಚು ಮಾಡಬಹುದು, ತಿಂಗಳ ಲೆಕ್ಕ (300ರ 30.4 ಪಟ್ಟು) 9,120 ದಾಟದಿದ್ದರೆ ಸರಿ. ಚಿಂತೆ ಮಾಡಬೇಕಾದದ್ದು ಆ 90 ಕ್ಲಿಕ್ಕಿನ ಬಗ್ಗೆ.

ಮೊದಲು ಸರ್ಚ್ ಟರ್ಮ್ಸ್ ವರದಿ ತೆರೆಯಿರಿ. ನೀವು ಹಾಕಿದ ಕೀವರ್ಡ್ (ಯಾವ ಹುಡುಕಾಟಕ್ಕೆ ಜಾಹೀರಾತು ಕಾಣಬೇಕೆಂದು ಕೊಟ್ಟ ಪದ) ಒಂದು, ಜನ ನಿಜಕ್ಕೂ ಟೈಪ್ ಮಾಡಿದ್ದು ಇನ್ನೊಂದು. ‘ಸೋಲಾರ್ ಹೀಟರ್ ಸರ್ವೀಸ್’ ಎಂಬುದನ್ನು ಯಾವ ಚಿಹ್ನೆಯೂ ಇಲ್ಲದೆ ಹಾಕಿದರೆ ಅದು ಬ್ರಾಡ್ ಮ್ಯಾಚ್. ಆಗ ‘200 ಲೀಟರ್ ಸೋಲಾರ್ ಬೆಲೆ’, ‘ಸೋಲಾರ್ ಸಬ್ಸಿಡಿ ಅರ್ಜಿ’, ‘ಸೋಲಾರ್ ಪ್ಯಾನೆಲ್’, ‘ಸೋಲಾರ್ ಟೆಕ್ನಿಷಿಯನ್ ಕೆಲಸ’ ಎಂದು ಹುಡುಕಿದವರಿಗೂ ನಿಮ್ಮ ಜಾಹೀರಾತು ಕಾಣುತ್ತದೆ. ಅವರಲ್ಲಿ ಯಾರ ಮನೆಯ ಹೀಟರೂ ಕೆಟ್ಟಿಲ್ಲ. ಕೀವರ್ಡನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ಫ್ರೇಸ್ ಮ್ಯಾಚ್ (ಆ ಅರ್ಥವನ್ನು ಒಳಗೊಂಡ ಹುಡುಕಾಟ), ಚೌಕ ಆವರಣದೊಳಗೆ ಹಾಕಿದರೆ ಎಕ್ಸಾಕ್ಟ್ ಮ್ಯಾಚ್ (ಅದೇ ಅರ್ಥದ ಹುಡುಕಾಟ ಮಾತ್ರ). ಸಣ್ಣ ಬಜೆಟ್ಟಿನವರು ಈ ಎರಡರಲ್ಲೇ ಇರಬೇಕು. ಬ್ರಾಡ್ ಮ್ಯಾಚಿಗೆ ಬೇಕಾದಷ್ಟು ಹಳೆಯ ಅಂಕಿಅಂಶ ನಿಮ್ಮ ಖಾತೆಯಲ್ಲಿ ಇನ್ನೂ ಇಲ್ಲ.

ಬೆಲೆ, ಸಬ್ಸಿಡಿ, ಪ್ಯಾನೆಲ್, ಕೆಲಸ, ಸೆಕೆಂಡ್ ಹ್ಯಾಂಡ್ ಇಂಥವನ್ನು ನೆಗೆಟಿವ್ ಕೀವರ್ಡ್ (ಇದಿದ್ದರೆ ಜಾಹೀರಾತು ತೋರಿಸಬೇಡ ಎನ್ನುವ ಪದ) ಪಟ್ಟಿಗೆ ಸೇರಿಸಿ. ನೆಗೆಟಿವ್ ಕೀವರ್ಡಿಗೆ ಸಮಾನಾರ್ಥಕ ಪದ ಗೊತ್ತಿಲ್ಲ, ಬಹುವಚನವೂ ಗೊತ್ತಿಲ್ಲ. ಇಂಗ್ಲಿಷಿನ ಏಕವಚನ, ಬಹುವಚನ ಎರಡನ್ನೂ ಬೇರೆಬೇರೆಯಾಗಿಯೇ ಹಾಕಬೇಕು. ಮೊದಲ ವಾರ ಪ್ರತಿದಿನ ಹತ್ತು ನಿಮಿಷ ಈ ವರದಿ ನೋಡುವುದೇ ಮುಖ್ಯ ಕೆಲಸ, ಮಿಕ್ಕದ್ದೆಲ್ಲ ಆಮೇಲೆ.

ಎರಡನೆಯದು, ಸ್ಥಳ. ಮೈಸೂರು ಎಂದು ಆರಿಸಿದರೆ ಸಾಲದು. ಅದರ ಕೆಳಗೆ ಮಡಚಿಟ್ಟ ಆಯ್ಕೆಯೊಂದಿದೆ. ಆ ಊರಿನಲ್ಲಿರುವವರ ಜೊತೆಗೆ ಆ ಊರಿನ ಬಗ್ಗೆ ‘ಆಸಕ್ತಿ ತೋರಿದವರಿಗೂ’ ತೋರಿಸು ಎಂಬುದು ಅಲ್ಲಿ ಮೊದಲೇ ಗುರುತಾಗಿರುತ್ತದೆ. ದಸರೆಗೆ ಬರಲು ರೂಮು ಹುಡುಕುತ್ತಿರುವ ಪುಣೆಯವರೂ ಇದರಲ್ಲಿ ಸೇರಿಕೊಳ್ಳಬಹುದು. ‘ಇಲ್ಲಿ ಇರುವವರು ಅಥವಾ ನಿಯಮಿತವಾಗಿ ಬರುವವರು’ ಎಂದು ಬದಲಿಸಿ. ಹಾಗೆಯೇ ಗೂಗಲ್‌ನ ಹೊರಗಿನ ಸೈಟುಗಳಲ್ಲೂ ಜಾಹೀರಾತು ತೋರಿಸುವ ಸರ್ಚ್ ಪಾರ್ಟ್ನರ್ಸ್, ಡಿಸ್‌ಪ್ಲೇ ನೆಟ್‌ವರ್ಕ್ ಎರಡರ ಟಿಕ್ಕನ್ನೂ ತೆಗೆಯಿರಿ. ಶಿಫಾರಸುಗಳು ತಾವಾಗಿಯೇ ಜಾರಿಯಾಗುವ ವ್ಯವಸ್ಥೆ ಚಾಲೂ ಇದ್ದರೆ ಅದನ್ನೂ ನಿಲ್ಲಿಸಿ. ಆಪ್ಟಿಮೈಸೇಷನ್ ಸ್ಕೋರ್ ಇಳಿಯಿತೆಂದು ಕೊರಗಬೇಡಿ. ಅದು ಗೂಗಲ್ ಕೊಡುವ ಅಂಕ, ನಿಮ್ಮ ಗಿರಾಕಿ ಕೊಡುವುದಲ್ಲ.

ಮೂರನೆಯದು, ಕ್ಲಿಕ್ಕಿಗೆ ಎಷ್ಟು ಕೊಡಬಹುದು ಎಂಬ ಲೆಕ್ಕ. ಉದಾಹರಣೆಗೆ, ಸಾಮಾನು, ಪೆಟ್ರೋಲು ಕಳೆದು ಒಂದು ಸರ್ವೀಸಿಗೆ 450 ಉಳಿಯುತ್ತದೆ ಎನ್ನಿ. ಮೂರು ಕರೆಗೆ ಒಂದು ಕೆಲಸ ಸಿಕ್ಕರೆ ಕರೆಯೊಂದರ ಬೆಲೆ 150. ನೂರು ಕ್ಲಿಕ್ಕಿಗೆ ಹತ್ತು ಕರೆ ಬಂದರೆ ಕ್ಲಿಕ್ಕಿನ ಬೆಲೆ 15. ನೀವೀಗ ಕೊಡುತ್ತಿರುವುದು 14. ಎಲ್ಲ ಸರಿಯಾದರೂ ಕ್ಲಿಕ್ಕಿಗೆ ಉಳಿಯುವುದು ಒಂದೇ ರೂಪಾಯಿ! ಆದ್ದರಿಂದ ‘ಮ್ಯಾಕ್ಸಿಮೈಸ್ ಕ್ಲಿಕ್ಸ್’ (ಬಜೆಟ್ಟಿನೊಳಗೆ ಆದಷ್ಟು ಕ್ಲಿಕ್ ತರುವ ಆಯ್ಕೆ) ಇಟ್ಟುಕೊಂಡು ಗರಿಷ್ಠ ಬಿಡ್ಡಿಗೆ, ಅಂದರೆ ಒಂದು ಕ್ಲಿಕ್ಕಿಗೆ ಕೊಡಲೊಪ್ಪುವ ಬೆಲೆಗೆ, 10 ರೂಪಾಯಿಯ ಮಿತಿ ಹಾಕಿ. ಜಾಹೀರಾತು ಕಾಣುವುದೇ ನಿಂತುಹೋದರೆ ಒಂದೊಂದೇ ರೂಪಾಯಿ ಏರಿಸಿ.

ಇನ್ನೊಂದು ಅನುಮಾನ: ಜಾಹೀರಾತು ಒತ್ತಿದರೆ ತೆರೆಯುವ ಪುಟದಲ್ಲಿ ಫೋನ್ ನಂಬರು ಚಿತ್ರದೊಳಗೆ ಅಚ್ಚಾಗಿದೆಯೇ? ಹಾಗಿದ್ದರೆ ಬೆರಳು ಒತ್ತಿದರೆ ಕರೆ ಹೋಗುವುದಿಲ್ಲ. ತಣ್ಣೀರು ಹಿಡಿದು ಬಚ್ಚಲಲ್ಲಿ ನಿಂತವರು ನಂಬರು ಬರೆದುಕೊಂಡು ಡಯಲ್ ಮಾಡುತ್ತಾರೆಯೇ?

ಪ್ರಶ್ನೆ: ಕನ್ನಡದಲ್ಲಿ ಜಾಹೀರಾತು ಬರೆದರೆ ‘ಅಕ್ಷರ ಹೆಚ್ಚಾಯಿತು’ ಎನ್ನುತ್ತದೆ. ಇರುವುದು ಹನ್ನೆರಡು ಹದಿಮೂರು ಅಕ್ಷರ ಮಾತ್ರ. ಕನ್ನಡದ ಕೀವರ್ಡ್ ಉಪಯೋಗಕ್ಕೆ ಬರುತ್ತದೆಯೇ? (ಧಾರವಾಡ)

ತಲೆಬರಹಕ್ಕೆ 30 ಅಕ್ಷರ, ವಿವರಣೆಗೆ 90. ಆದರೆ ಕಂಪ್ಯೂಟರಿಗೆ ಒತ್ತಕ್ಷರ ಒಂದಲ್ಲ. ‘ಕ್ಕ’ ಎಂದರೆ ಕ, ಹಲಂತ, ಇನ್ನೊಂದು ಕ: ಮೂರು. ಕೊಂಬು, ಗುಡಿಸು, ಸೊನ್ನೆ ಎಲ್ಲಕ್ಕೂ ಒಂದೊಂದು. ‘ಹೋಂಸ್ಟೇ ಚಿಕ್ಕಮಗಳೂರು’ ಕಣ್ಣಿಗೆ 8 ಅಕ್ಷರ, ನಡುವಿನ ಜಾಗವೂ ಸೇರಿ ಲೆಕ್ಕಕ್ಕೆ 19. ಒತ್ತು ಕಡಿಮೆಯಿರುವ ಪದ ಹುಡುಕಿ. ‘ವಿಶ್ವಾಸಾರ್ಹ’ ಎನ್ನುವುದಕ್ಕಿಂತ ‘ನಂಬಿಕೆಯ’ ಎಂದರೆ ಜಾಗವೂ ಉಳಿಯುತ್ತದೆ, ಓದುವವನಿಗೂ ಹಿತ. ತಲೆಬರಹ 15ರವರೆಗೆ, ವಿವರಣೆ 4ರವರೆಗೆ ಕೊಡಬಹುದು. ಒಮ್ಮೆಗೆ ಕಾಣುವುದು ಹೆಚ್ಚೆಂದರೆ ಮೂರು ತಲೆಬರಹ, ಎರಡು ವಿವರಣೆ. ಹಾಗಾಗಿ ಪ್ರತಿ ತಲೆಬರಹವೂ ಒಂಟಿಯಾಗಿ ನಿಂತರೂ ಅರ್ಥ ಕೊಡಬೇಕು.

ಕೀವರ್ಡ್ ವಿಷಯಕ್ಕೆ ಬಂದರೆ ಕನ್ನಡ ಲಿಪಿ, ಇಂಗ್ಲಿಷ್ ಅಕ್ಷರದ ಕನ್ನಡ, ಇಂಗ್ಲಿಷ್ ಮೂರನ್ನೂ ಹಾಕಿ. ಫೋನಿಗೆ ಮಾತನಾಡಿ ಹುಡುಕುವವರಿಂದ ಕನ್ನಡ ಲಿಪಿ ಬರುತ್ತದೆ; ಕೈಯಲ್ಲಿ ಟೈಪ್ ಮಾಡುವವರು ಇಂಗ್ಲಿಷ್ ಅಕ್ಷರಕ್ಕೇ ಒಗ್ಗಿರುತ್ತಾರೆ. ಊರಿನ ಹೆಸರಿಗೆ ಎರಡೂ ಕಾಗುಣಿತ ಬೇಕು. 2014ರ ನವೆಂಬರ್ 1ರಂದು ಹುಬ್ಳಿ ಇಂಗ್ಲಿಷಿನಲ್ಲೂ ಹುಬ್ಬಳ್ಳಿಯಾಯಿತು, ನಿಜ. ಜನರ ಬೆರಳು ಇನ್ನೂ ಹಳೆಯ ಕಾಗುಣಿತ ಬಿಟ್ಟಿಲ್ಲ. ಭಾಷೆಯ ಆಯ್ಕೆ ಕೇಳಿದರೆ ಕನ್ನಡ ಒಂದನ್ನೇ ಗುರುತಿಸಬೇಡಿ, ಇಂಗ್ಲಿಷನ್ನೂ ಸೇರಿಸಿ. ಫೋನನ್ನು ಇಂಗ್ಲಿಷಿನಲ್ಲಿಟ್ಟುಕೊಂಡ ಕನ್ನಡಿಗರೇ ಹೆಚ್ಚು.

ಪ್ರಶ್ನೆ: ಸಣ್ಣ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡಬೇಕೆಂದಿದ್ದೇನೆ. ಕೋಡಿಂಗ್ ಬರುವುದಿಲ್ಲ. ಎಲ್ಲಿಂದ ಶುರು ಮಾಡಲಿ? (ಶಿವಮೊಗ್ಗ)

ಗೂಗಲ್ ಬಿಸಿನೆಸ್ ಪ್ರೊಫೈಲ್ (ಗೂಗಲ್ ಹುಡುಕಾಟ, ಮ್ಯಾಪ್‌ನಲ್ಲಿ ಅಂಗಡಿಯ ವಿವರ ತೋರಿಸುವ ಖಾತೆ) ಜೊತೆ ಸಿಗುತ್ತಿದ್ದ ಪುಕ್ಕಟೆ ವೆಬ್‌ಸೈಟನ್ನು 2024ರ ಮಾರ್ಚಿನಲ್ಲಿ ಮುಚ್ಚಿದರು. ಅದನ್ನೇ ನಂಬಿಕೊಂಡಿದ್ದ ಅಂಗಡಿಗಳು ನಿಮ್ಮೂರಲ್ಲೂ ಇರುತ್ತವೆ. ಮೊದಲು ಅವರನ್ನು ಕೇಳಿ.

ವರ್ಡ್‌ಪ್ರೆಸ್ ಸಾಕು. ಡೊಮೇನ್ (ಸೈಟಿನ ವಿಳಾಸ) ಕೊಳ್ಳುವಾಗ ಮೊದಲ ವರ್ಷದ ದರ ನೋಡಬೇಡಿ, ನವೀಕರಣದ ದರ ನೋಡಿ. ಗಿರಾಕಿಯ ಹೆಸರು, ಗಿರಾಕಿಯ ಇಮೇಲಿನಲ್ಲೇ ನೋಂದಾಯಿಸಿ. ಹೋಸ್ಟಿಂಗಿನಲ್ಲಿ (ಸೈಟು ಇಡುವ ಬಾಡಿಗೆ ಜಾಗದಲ್ಲಿ) ಸಂಪರ್ಕವನ್ನು ಭದ್ರವಾಗಿಡುವ ಉಚಿತ ಎಸ್‌ಎಸ್‌ಎಲ್ ಹಾಗೂ ದಿನದ ಬ್ಯಾಕಪ್ ಇವೆಯೇ ಎಂದು ಕೇಳಿ. ದುಡ್ಡು ಕೊಟ್ಟು ಕೊಳ್ಳಬೇಕಾದ ಥೀಮನ್ನು (ಸೈಟಿನ ಸಿದ್ಧ ವಿನ್ಯಾಸವನ್ನು) ಯಾರೋ ಬೀಗ ಮುರಿದು ಪುಕ್ಕಟೆ ಹಂಚುತ್ತಿದ್ದರೆ ಮುಟ್ಟಬೇಡಿ. ಅದರೊಳಗೆ ದುಷ್ಟ ಕೋಡ್ ಅಡಗಿಸಿರುತ್ತಾರೆ. ಗೂಗಲ್ ಅದನ್ನು ಹಿಡಿದ ದಿನ ಆ ಸೈಟಿನ ಜಾಹೀರಾತುಗಳೆಲ್ಲ ನಿಲ್ಲುತ್ತವೆ.

ಸರ್ವೀಸ್ ಅಂಗಡಿಗೆ ಒಂದೇ ಉದ್ದ ಪುಟ ಸಾಕು. ಮೇಲೆ ಏನು ಕೆಲಸ, ಯಾವ ಊರು, ಒತ್ತಿದರೆ ಕರೆ ಹೋಗುವ ನಂಬರು. ಕೆಳಗೆ ದರ, ಹೋಗುವ ಬಡಾವಣೆಗಳ ಹೆಸರು, ಅಂಗಡಿಯ ನಿಜವಾದ ಫೋಟೊ. ಪುಟ ತಡವಾಗಲು ಸಾಮಾನ್ಯ ಕಾರಣ ಫೋಟೊ. ಮೊಬೈಲಿನಲ್ಲಿ ತೆಗೆದ 4 ಎಂಬಿ ಚಿತ್ರವನ್ನು ಹಾಗೇ ಏರಿಸಿಬಿಡುತ್ತಾರೆ. ಅಗಲ 1,200 ಪಿಕ್ಸೆಲಿಗೆ ಇಳಿಸಿ, ವೆಬ್‌ಪಿ ಮಾಡಿ, 150 ಕೆಬಿಯ ಒಳಗೆ ತನ್ನಿ. ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಮೊಬೈಲ್ ಫಲಿತಾಂಶವನ್ನೇ ನೋಡಿ. ಪರದೆಯಲ್ಲಿ ಎಲ್ಲಕ್ಕಿಂತ ದೊಡ್ಡದಾದ ಚಿತ್ರ ಅಥವಾ ಬರಹದ ತುಂಡು 2.5 ಸೆಕೆಂಡಿನೊಳಗೆ ಕಾಣಬೇಕು.

ಕನ್ನಡದ ಸೈಟಿಗೆ ಬರುವ ರೋಗ ಒಂದಿದೆ. ಗಿರಾಕಿ ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಫೈಲ್ ಕೊಡುತ್ತಾರೆ. ಅವರ ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾದ ಕನ್ನಡ, ಸೈಟಿಗೆ ಹಾಕಿದರೆ ವಿಚಿತ್ರ ಇಂಗ್ಲಿಷ್ ಅಕ್ಷರಗಳ ರಾಶಿ. ಅದು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ, ಫಾಂಟಿನ ವೇಷ ಅಷ್ಟೆ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಿ. ಆಮೇಲೆ ಅರ್ಕಾವತ್ತು, ರ-ಒತ್ತು ಇರುವ ಪದಗಳನ್ನು ಕಣ್ಣಿಟ್ಟು ಓದಿ, ಕೆಡುವುದು ಅಲ್ಲೇ.

ಪ್ರಶ್ನೆ: ಬ್ಲಾಗಿಗೆ ಆ್ಯಡ್‌ಸೆನ್ಸ್ ಹಾಕಿ, ಗೂಗಲ್ ಆ್ಯಡ್ಸ್‌ನಿಂದ ಜನರನ್ನು ತಂದರೆ ಲಾಭವಾಗುವುದಿಲ್ಲವೇ? (ಬಾಗಲಕೋಟೆ)

ಆ್ಯಡ್‌ಸೆನ್ಸ್ ನಿಮ್ಮ ಪುಟದಲ್ಲಿ ಬೇರೆಯವರ ಜಾಹೀರಾತು ತೋರಿಸಿ ನಿಮಗೆ ಕಾಸು ಕೊಡುತ್ತದೆ; ಗೂಗಲ್ ಆ್ಯಡ್ಸ್ ನಿಮ್ಮಿಂದ ಕಾಸು ಪಡೆದು ನಿಮ್ಮ ಜಾಹೀರಾತು ತೋರಿಸುತ್ತದೆ. ಜಾಹೀರಾತು ತೋರಿಸುವುದಕ್ಕೆಂದೇ ಮಾಡಿದ ಪುಟಕ್ಕೆ ಜಾಹೀರಾತು ಕೊಡುವುದು ಗೂಗಲ್ ನೀತಿಗೆ ವಿರುದ್ಧ. ಸ್ನೇಹಿತರಿಂದ ಕ್ಲಿಕ್ ಮಾಡಿಸಿದರೆ ಆ್ಯಡ್‌ಸೆನ್ಸ್ ಖಾತೆಯೇ ಮುಚ್ಚುತ್ತದೆ. ನೇರದಾರಿಯಲ್ಲಿ ಹೋದರೂ ಗಳಿಕೆ 10 ಡಾಲರ್ ಆದಮೇಲೆ ವಿಳಾಸ ಖಚಿತಪಡಿಸಲು ಅಂಚೆಯಲ್ಲಿ ಪಿನ್ ಬರುತ್ತದೆ, 100 ಡಾಲರ್ ಆಗುವ ತನಕ ಹಣ ಬರುವುದಿಲ್ಲ. ‘ಜಾಹೀರಾತು ಕ್ಲಿಕ್ ಮಾಡಿ, ದಿನಕ್ಕೆ 2,000 ಗಳಿಸಿ’ ಎಂದು ಮೊದಲು ಠೇವಣಿ ಕೇಳುವವರು ಬೇರೆಯೇ ಜಾತಿ, ಅದು ಶುದ್ಧ ವಂಚನೆ. ಕಟ್ಟಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ರಶ್ನೆ: ಗಿರಾಕಿಯ ಜಾಹೀರಾತನ್ನು ನನ್ನ ಖಾತೆಯಲ್ಲೇ, ನನ್ನ ಕಾರ್ಡಿನಲ್ಲೇ ನಡೆಸುತ್ತಿದ್ದೇನೆ. ಈಗ ಅವರು ದುಡ್ಡು ಕೊಡುತ್ತಿಲ್ಲ. (ದಾವಣಗೆರೆ)

ಇವತ್ತೇ ಕ್ಯಾಂಪೇನ್ ನಿಲ್ಲಿಸಿ, ಆಮೇಲೆ ಫೋನ್ ಮಾಡಿ. ಮುಂದಿನ ಗಿರಾಕಿಯಿಂದ ಕ್ರಮ ಬದಲಿಸಿ: ಖಾತೆ ಅವರ ಇಮೇಲಿನಲ್ಲಿ, ಕಾರ್ಡು ಅವರದು, ಜಿಎಸ್‌ಟಿ ಸಂಖ್ಯೆ ಇದ್ದರೆ ಅದೂ ಅವರದೇ, ಇನ್‌ಪುಟ್ ಕ್ರೆಡಿಟ್ ಅವರಿಗೆ ಸಿಗಲಿ. ನೀವು ಪುಕ್ಕಟೆಯಾಗಿ ಮ್ಯಾನೇಜರ್ ಖಾತೆ (ಗಿರಾಕಿಗಳ ಖಾತೆಗಳನ್ನು ಒಂದೆಡೆಯಿಂದ ನೋಡಿಕೊಳ್ಳುವ ಖಾತೆ) ತೆರೆದು, ಅವರ ಹತ್ತು ಅಂಕಿಯ ಗ್ರಾಹಕ ಸಂಖ್ಯೆ ಹಾಕಿ ಕೋರಿಕೆ ಕಳಿಸಿ. ಅವರು ಒಪ್ಪಿದರೆ ಸಂಪರ್ಕ ಬೆಸೆಯುತ್ತದೆ, ಬೇಡವಾದ ದಿನ ಇಬ್ಬರಲ್ಲಿ ಯಾರು ಬೇಕಾದರೂ ಬಿಡಿಸಿಕೊಳ್ಳಬಹುದು. ನಿಮ್ಮ ಶುಲ್ಕ ಬೇರೆ ಬಿಲ್ಲು, ತಿಂಗಳ ಮೊದಲೇ. ಖರ್ಚಿನ ಶೇಕಡಾವಾರು ಲೆಕ್ಕದಲ್ಲಿ ಶುಲ್ಕ ಕೇಳಬೇಡಿ. ಅವರ ಬಜೆಟ್ ಏರಿಸಿದಷ್ಟೂ ನಿಮಗೆ ಲಾಭ ಎಂಬುದು ಅವರಿಗೆ ಹೊಳೆದ ದಿನ ಮನಸ್ತಾಪ ಶುರುವಾಗುತ್ತದೆ. ಪ್ರತಿ ಸೋಮವಾರ ಮೂರು ಅಂಕಿ ವಾಟ್ಸ್‌ಆ್ಯಪ್ ಮಾಡಿ: ಖರ್ಚೆಷ್ಟು, ಕರೆ ಎಷ್ಟು, ಕರೆಯೊಂದಕ್ಕೆ ಬಿದ್ದದ್ದೆಷ್ಟು.